ಯುದ್ಧಕಾಲದ ಪ್ರತಿರೋಧದ ಸಿನಿಮಾಗಳು: ಯಾವ್ದು ಮೊದ್ಲು ನೋಡೋದು, ಯಾವ್ದನ್ನ ಎಷ್ಟು ನಂಬೋದು

ಯುದ್ಧದ ಸಿನಿಮಾ ಬೇರೆ, ಪ್ರತಿರೋಧದ ಸಿನಿಮಾ ಬೇರೆ. ಪ್ರತಿರೋಧ ಅಂದ್ರೆ ದೇಶ ಹಿಡಿದ ಶತ್ರುವಿನ ವಿರುದ್ಧ, ಇಲ್ಲಿ ಹೆಚ್ಚಾಗಿ ಎರಡನೇ ಮಹಾಯುದ್ಧದ ನಾಜಿಗಳ ವಿರುದ್ಧ, ಜನ ಗುಟ್ಟಾಗಿ ನಡೆಸಿದ ಹೋರಾಟ. ಯುದ್ಧದ ಸಿನಿಮಾದಲ್ಲಿ ಯೂನಿಫಾರ್ಮ್ ಇರತ್ತೆ, ಶತ್ರು ಯಾರು ಅಂತ ದೂರದಿಂದ್ಲೇ ಗೊತ್ತಾಗತ್ತೆ, ಇಲ್ಲಿ ಹಾಗಲ್ಲ, ಪಕ್ಕದ ಮನೆಯವನೇ ಹೋಗಿ ಸುಳಿವು ಕೊಟ್ಟಿರ್ಬಹುದು, ಜೊತೆಗೆ ಕೂತು ಊಟ ಮಾಡಿದವನೇ ನಾಳೆ ಬಾಯಿಬಿಡ್ಬಹುದು, ಬಾಗಿಲು ತಟ್ಟಿದ ಸದ್ದಿಗೇ ಎದೆ ಝಲ್ ಅನ್ನತ್ತೆ. ಅದಕ್ಕೇ ಈ ಸಿನಿಮಾಗಳ ಮೇಲೆ ನನಗೆ ಇಷ್ಟು ಪ್ರೀತಿ, ಅದಕ್ಕೇ ಯಾವ್ದರಿಂದ ಶುರು ಮಾಡ್ಲಿ ಅಂತ ಯಾರಾದ್ರೂ ಕೇಳಿದ್ರೆ ಸುಮ್ನೆ ಹತ್ತು ಹೆಸ್ರು ಬರ್ದು ಕೊಡೋಕೆ ಮನಸ್ಸಾಗಲ್ಲ. ವಾಪಸ್ ಒಂದು ಪ್ರಶ್ನೆ ಕೇಳ್ತೀನಿ, ನಿಮಗೆ ಧೈರ್ಯ ನೋಡ್ಬೇಕಾ, ಭಯ ನೋಡ್ಬೇಕಾ, ಇಲ್ಲಾ ಆ ಧೈರ್ಯಕ್ಕೆ ಬೆಲೆ ತೆತ್ತವರು ಯಾರು ಅಂತ ನೋಡ್ಬೇಕಾ? ಮೂರಕ್ಕೂ ಬೇರೆ ಬೇರೆ ಸಿನಿಮಾ ಇದೆ, ಮೂರೂ ಒಟ್ಟಿಗೆ ಸಿಗೋದು ನಾನು ನೋಡಿದ್ರಲ್ಲಿ ಒಂದ್ರಲ್ಲೇ, ಅದಕ್ಕೆ ಆಮೇಲೆ ಬರ್ತೀನಿ.

ಹೋಲಿಸೋಕೆ ನಾನು ಇಟ್ಕೊಂಡಿರೋ ಅಳತೆ ಎರಡೇ. ಒಂದು, ಸಿನಿಮಾ ತೆಗೆದ ವರ್ಷ. ಕಥೆ 1943ರದ್ದೇ ಇರ್ಬಹುದು, ಆದ್ರೆ ಅದನ್ನ 1945ರಲ್ಲಿ ತೆಗ್ದವನಿಗೆ ಹೇಳೋಕೆ ಆಗ್ತಿದ್ದ ಮಾತು ಬೇರೆ, 1969ರಲ್ಲಿ ತೆಗ್ದವನಿಗೆ ಬೇರೆ, 2006ರಲ್ಲಿ ತೆಗ್ದವನಿಗೆ ಇನ್ನೂ ಬೇರೆ. ಎರಡನೇದು, ಯಾರಿಗೆ ಮುಖ ಸಿಕ್ಕಿದೆ ಯಾರಿಗೆ ಸಿಕ್ಕಿಲ್ಲ ಅನ್ನೋದು. ಹೆಂಗಸರು, ಯಹೂದಿಗಳು, ವಸಾಹತುಗಳಿಂದ ಬಂದ ಸೈನಿಕರು, ಬಂದೂಕು ಹಿಡಿದವರಿಗೆ ಊಟ ಹಾಕಿ ಆಮೇಲೆ ತಮ್ಮ ಮನೆ ಕಳ್ಕೊಂಡ ಹಳ್ಳಿಯವರು, ಇವರೆಲ್ಲ ಫ್ರೇಮ್ ಒಳಗಿದ್ದಾರಾ ಅಂಚಲ್ಲಿದ್ದಾರಾ. ಅಭಿನಯ, ಕ್ಯಾಮೆರಾ ಎಲ್ಲ ನನಗೆ ಆಮೇಲಿನ ಮಾತು. ಮುಂದೆ ಬರೆಯೋದ್ರಲ್ಲಿ ಕೆಲವು ಸಿನಿಮಾದ ಕೊನೆ ಕೂಡ ಬಂದುಹೋಗತ್ತೆ, ಅದನ್ನ ಹೇಳದೆ ಹೋಲಿಸೋಕೆ ಆಗಲ್ಲ.

ಧೈರ್ಯ ಬೇಕು, ಮನಸ್ಸಿಗೆ ಸ್ವಲ್ಪ ಹುರುಪು ಬೇಕು ಅನ್ನೋರಿಗೆ 'ಕಾಸಾಬ್ಲಾಂಕಾ' ಸಾಕು. 1942ರಲ್ಲಿ, ಯುದ್ಧ ಯಾರು ಗೆಲ್ತಾರೆ ಅಂತ ಗೊತ್ತಿಲ್ದಾಗ ಬಂದ ಸಿನಿಮಾ ಅದು. ಕೆಫೆಯಲ್ಲಿ ಜರ್ಮನ್ ಆಫೀಸರುಗಳು ತಮ್ಮ ಹಾಡು ಹಾಡ್ತಿದ್ದಾಗ ಇಡೀ ಕೆಫೆ ಎದ್ದು ಫ್ರೆಂಚ್ ರಾಷ್ಟ್ರಗೀತೆ ಹಾಡೋ ಸೀನ್ ಇದ್ಯಲ್ಲ, ಅದ್ರಲ್ಲಿ ಕಣ್ಣೀರು ಹಾಕ್ಕೊಂಡು ಹಾಡೋ ಹುಡುಗಿ ಮ್ಯಾಡ್ಲೀನ್ ಲೆಬೋ ನಿಜವಾಗ್ಲೂ ಫ್ರಾನ್ಸ್ ಬಿಟ್ಟು ಓಡಿ ಬಂದವಳು, ನಾಜಿ ಮೇಜರ್ ಪಾತ್ರ ಮಾಡಿದ ಕಾನ್ರಾಡ್ ವೈಟ್ ಕೂಡ ನಾಜಿಗಳ ಕಾಟಕ್ಕೆ ಜರ್ಮನಿ ಬಿಟ್ಟವನೇ. ಇಷ್ಟು ಗೊತ್ತಿಟ್ಕೊಂಡು ನೋಡಿದ್ರೆ ಆ ಸೀನ್ ಬೇರೇನೇ ಆಗಿಬಿಡತ್ತೆ. ಆದ್ರೆ ನನ್ನ ಎರಡನೇ ಅಳತೆ ಇಟ್ಟರೆ ಸಿನಿಮಾ ಸೋಲತ್ತೆ, ಕಥೆ ನಡೆಯೋದು ಮೊರಾಕೋದಲ್ಲಿ, ಒಬ್ಬ ಮೊರಾಕನ್‌ಗಾದ್ರೂ ನೆನಪಲ್ಲಿ ಉಳಿಯೋ ಪಾತ್ರ ಇಲ್ಲ. ಫ್ರಾನ್ಸ್‌ನ ಸ್ವಾತಂತ್ರ್ಯಕ್ಕೆ ಹಾಡು, ಫ್ರಾನ್ಸ್ ಹಿಡಿದಿಟ್ಕೊಂಡಿರೋ ಊರಲ್ಲಿ, ಆ ಊರಿನವರಿಲ್ದೆ. ಇದನ್ನ ಹೇಳಿದ್ರೆ ಕೆಲವು ಸ್ನೇಹಿತರಿಗೆ ಬೇಜಾರಾಗತ್ತೆ, ಆ ಕಾಲಕ್ಕೆ ಅಷ್ಟೇ ಅಂತಾರೆ, ಇರ್ಬಹುದು, ಆದ್ರೂ ಕಣ್ಣಿಗೆ ಬಿದ್ದಿದ್ದನ್ನ ಇಲ್ಲ ಅನ್ನೋಕೆ ನನಗೆ ಬರಲ್ಲ.

ಅದ್ರ ಪಕ್ಕ 'ರೋಮ್, ಓಪನ್ ಸಿಟಿ' ಇಟ್ಟು ನೋಡಿ. ರೋಮ್‌ನಿಂದ ಜರ್ಮನ್ನರು ಹೊರಟುಹೋಗಿದ್ದು 1944ರ ಜೂನ್‌ನಲ್ಲಿ, ನಿರ್ದೇಶಕ ರೊಸೆಲಿನಿ 1945ರ ಶುರುವಿನಲ್ಲೇ ಅದೇ ಬೀದಿಗಳಲ್ಲಿ ಶೂಟಿಂಗ್ ಮಾಡ್ತಿದ್ದ, ಇಟಲಿಯ ಉತ್ತರದಲ್ಲಿ ಯುದ್ಧ ಇನ್ನೂ ಮುಗಿದಿರ್ಲಿಲ್ಲ. ಅದ್ರಲ್ಲಿ ಒಂದು ಕಡೆ ಪಾದ್ರಿ ಡಾನ್ ಪಿಯೆತ್ರೊ ಬಾಂಬುಗಳನ್ನ ಅಡಗಿಸೋಕೆ ಹಾಸಿಗೆ ಹಿಡಿದಿರೋ ಮುದುಕನಿಗೆ ಸಾಯ್ತಿರೋ ಹಾಗೆ ನಟಿಸು ಅಂತಾನೆ, ಮುದುಕ ಕೇಳಲ್ಲ, ಕೊನೆಗೆ ಬಾಣಲೆಯಲ್ಲಿ ತಲೆಗೊಂದು ಬಿಡಬೇಕಾಗತ್ತೆ. ನಾವು ನಗ್ತಿರ್ತೀವಿ, ಆ ನಗು ಬಾಯಲ್ಲಿರೋವಾಗ್ಲೇ ಅನ್ನಾ ಮಾನ್ಯಾನಿ ಮಾಡಿರೋ ಪೀನಾ, ಬಸುರಿ, ಅವತ್ತೇ ಮದುವೆ ಆಗ್ಬೇಕಾಗಿದ್ದವಳು, ಗಂಡಾಗೋನನ್ನ ಹೊತ್ಕೊಂಡು ಹೋಗ್ತಿರೋ ಲಾರಿ ಹಿಂದೆ ಓಡ್ತಾಳೆ, ಗುಂಡು ಬೀಳತ್ತೆ, ರಸ್ತೆ ಮೇಲೆ ಬಿದ್ದುಹೋಗ್ತಾಳೆ. ಸಿನಿಮಾ ಇನ್ನೂ ಅರ್ಧ ಬಾಕಿ ಇರತ್ತೆ. ಹಾಗೆ ಕಥೆಯ ನಡುವೆ, ಯಾವ ಮುನ್ಸೂಚನೆನೂ ಇಲ್ದೆ ಹೋಗಿಬಿಡ್ತಾಳಲ್ಲ ಅದೇ ನಿಜ ಅನ್ಸತ್ತೆ ನನಗೆ. ಆ ಪಾತ್ರಕ್ಕೆ ಹಿಂದೆ 1944ರ ಮಾರ್ಚ್‌ನಲ್ಲಿ ರೋಮ್‌ನಲ್ಲಿ ಸತ್ತ ತೆರೇಸಾ ಗುಲ್ಲಾಚೆ ಅನ್ನೋ ನಿಜವಾದ ಹೆಂಗಸಿದ್ದಾಳೆ, ಅವಳೂ ಬಸುರಿ, ಜರ್ಮನ್ನರು ಹಿಡ್ಕೊಂಡು ಹೋಗಿದ್ದ ಗಂಡನನ್ನ ನೋಡೋಕೆ ಹೋದವಳು.

ಈ ಸಿನಿಮಾ ಬಗ್ಗೆ ನನಗೆ ಒಂದು ತಕರಾರು ಇದೆ. ಕೊನೆಯಲ್ಲಿ ಪಾದ್ರಿಯನ್ನ ಕುರ್ಚಿ ಮೇಲೆ ಕೂರ್ಸಿ ಗುಂಡಿಕ್ಕೋವಾಗ ಇಟಾಲಿಯನ್ ಸಿಪಾಯಿಗಳು ಬೇಕಂತ್ಲೇ ಗುರಿ ತಪ್ಪಿಸ್ತಾರೆ, ಜರ್ಮನ್ ಆಫೀಸರ್ ಬಂದು ಕೆಲಸ ಮುಗಿಸ್ತಾನೆ. 1922ರಿಂದ 1943ರವರೆಗೆ ಮುಸೊಲಿನಿಯನ್ನ ಹೊತ್ಕೊಂಡು ಮೆರೆಸಿದ ದೇಶ ಅದು, ಸಿನಿಮಾ ನೋಡಿದ್ರೆ ಪಾಪವೆಲ್ಲ ಹೊರಗಿನಿಂದ ಬಂದವರದ್ದೇ ಅನ್ಸಿಬಿಡತ್ತೆ. ಗೆಸ್ಟಪೊ ಅನ್ನೋ ನಾಜಿ ಗುಟ್ಟಿನ ಪೊಲೀಸರನ್ನ ನಡೆ ನುಡಿ ಎಲ್ಲ ವಿಚಿತ್ರ ಮಾಡಿ, ಸಲಿಂಗಕಾಮಿಗಳು ಅನ್ನೋ ಸೂಚನೆ ಕೊಟ್ಟು ಅದನ್ನೇ ಕೆಟ್ಟತನದ ಗುರುತು ಅನ್ನೋ ಹಾಗೆ ತೋರ್ಸಿರೋದು ಇವತ್ತು ನೋಡೋಕೆ ಕಷ್ಟ ಆಗತ್ತೆ. ಗಾಯ ಇನ್ನೂ ಹಸಿ ಇರೋವಾಗ ತೆಗ್ದಿದ್ದು ಅಂತ ಅರ್ಥ ಮಾಡ್ಕೊಳ್ಬಹುದು, ಒಪ್ಕೊಳ್ಳೋಕೆ ಆಗಲ್ಲ. ಆದ್ರೂ ಬೆಲೆ ತೆತ್ತವರನ್ನ ಹತ್ತಿರದಿಂದ ನೋಡ್ಬೇಕು ಅನ್ನೋರಿಗೆ ಕಾಸಾಬ್ಲಾಂಕಾಗಿಂತ ಇದು ಎಷ್ಟೋ ಪಾಲು ಮೇಲು.

ಈಗ ಭಯಕ್ಕೆ ಬರೋಣ. ಮೂರೂ ಒಟ್ಟಿಗೆ ಸಿಗೋ ಸಿನಿಮಾ ಅಂದ್ನಲ್ಲ ಅದು 1969ರ 'ಆರ್ಮಿ ಆಫ್ ಶಾಡೋಸ್'. ಜೋಸೆಫ್ ಕೆಸೆಲ್ 1943ರಲ್ಲಿ ಬರೆದ ಪುಸ್ತಕದಿಂದ ಮಾಡಿದ್ದು. ನಿರ್ದೇಶಕ ಮೆಲ್ವಿಲ್ ಸ್ವತಃ ಫ್ರೆಂಚ್ ಪ್ರತಿರೋಧದಲ್ಲಿದ್ದವನು, ಯಹೂದಿ, ಹುಟ್ಟು ಹೆಸ್ರು ಗ್ರುಂಬಾಕ್, ಮೆಲ್ವಿಲ್ ಅನ್ನೋದು ಆ ದಿನಗಳಲ್ಲಿ ಇಟ್ಕೊಂಡ ಗುಟ್ಟಿನ ಹೆಸ್ರು, ಯುದ್ಧ ಮುಗಿದ್ಮೇಲೂ ಬಿಡ್ಲಿಲ್ಲ. ಅಂಥವನು ತೆಗೆದ ಸಿನಿಮಾದಲ್ಲಿ ಒಂದು ಸೇತುವೆ ಹಾರಿಸಲ್ಲ, ಒಂದು ರೈಲು ಬೀಳಿಸಲ್ಲ, ನೀವು ಕಾಯ್ತಾ ಇರ್ತೀರ, ಬರಲ್ಲ. ಬರೋದು ಏನು ಅಂದ್ರೆ ಬಚ್ಚಿಟ್ಕೊಳ್ಳೋದು, ಓಡೋದು, ಕಾಯೋದು, ಆಮೇಲೆ ತಮ್ಮವರನ್ನೇ ಕೊಲ್ಲೋದು.

ಆ ಟವೆಲ್ ಸೀನ್ ನೋಡದೆ ಪ್ರತಿರೋಧದ ಬಗ್ಗೆ ಮಾತಾಡ್ಬಾರ್ದು ಅಂತ ನಾನು ಗಟ್ಟಿಯಾಗೇ ಹೇಳ್ತೀನಿ. ಸುಳಿವು ಕೊಟ್ಟ ಹುಡುಗನನ್ನ ಒಂದು ಬಾಡಿಗೆ ಮನೆಗೆ ಕರ್ಕೊಂಡು ಬರ್ತಾರೆ, ಗುಂಡು ಹೊಡ್ದು ಮುಗ್ಸೋದು ಅಂತ ಪ್ಲಾನ್, ಬಂದು ನೋಡಿದ್ರೆ ಪಕ್ಕದ ಮನೆಗೆ ಜನ ಬಂದಿದ್ದಾರೆ, ಗೋಡೆ ತೆಳ್ಳಗಿದೆ, ಸದ್ದು ಮಾಡೋ ಹಾಗಿಲ್ಲ. ಚಾಕು ಇದ್ಯಾ ಅಂತ ಹುಡುಕ್ತಾರೆ, ಇಲ್ಲ. ಹುಡುಗನ ಎದುರಿಗೇ ನಿಂತ್ಕೊಂಡು ಹೇಗೆ ಕೊಲ್ಲೋದು ಅಂತ ಮೆತ್ತಗೆ ಮಾತಾಡ್ಕೊತಾರೆ, ಹುಡುಗ ಕೇಳಿಸ್ಕೊತಾ ನಿಂತಿರ್ತಾನೆ. ಕೊನೆಗೆ ಅಡುಗೆಮನೆಯಿಂದ ಒಂದು ಟವೆಲ್. ಅಲ್ಲಿದ್ದವರಲ್ಲಿ ಯಾರೂ ಹಿಂದೆ ಹೀಗೆ ಮಾಡಿದವರಲ್ಲ, ಒಬ್ಬನ ಕಣ್ಣಲ್ಲಿ ನೀರು ಬರತ್ತೆ. ಮ್ಯೂಸಿಕ್ ಹಾಕಿ ನಿಮ್ಮನ್ನ ಯಾವ ಕಡೆಗೂ ತಳ್ಳಲ್ಲ ಮೆಲ್ವಿಲ್. ನಾನು ಮೊದಲ ಸಲ ನೋಡ್ದಾಗ ಅಲ್ಲೇ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ, ಬೇರೆ ಏನೂ ಮಾಡೋಕೆ ಆಗ್ಲಿಲ್ಲ.

ಸಿಮೋನ್ ಸಿನ್ಯೋರೆ ಮಾಡಿರೋ ಮತಿಲ್ದ್ ಇಡೀ ಗುಂಪಿನಲ್ಲಿ ಎಲ್ಲರಿಗಿಂತ ಚುರುಕು, ಗೆರ್ಬಿಯೇ ಅನ್ನೋ ಮುಖಂಡನನ್ನ ಸಾವಿನ ಬಾಯಿಂದ ಎಳ್ಕೊಂಡು ಬರೋದು ಅವಳೇ. ಅವಳ ಒಂದೇ ತಪ್ಪು ಪರ್ಸ್‌ನಲ್ಲಿ ಮಗಳ ಫೋಟೋ ಇಟ್ಕೊಂಡಿದ್ದು. ಆ ಫೋಟೋ ಗೆಸ್ಟಪೊ ಕೈಗೆ ಸಿಗತ್ತೆ, ಆಮೇಲೆ ಅವಳನ್ನ ರಸ್ತೆಯಲ್ಲಿ ಕೊಲ್ಲೋದು ಅವಳು ಕಾಪಾಡಿದ ಗೆಳೆಯರೇ. ಇಲ್ಲಿ ಸಿನಿಮಾ ಪ್ರೇಮಿಗಳಲ್ಲಿ ಎರಡು ಬಣ ಇದೆ. ಗಂಡಸರ ಕಟ್ಟುನಿಟ್ಟಿಗೆ ತಾಯಿಯನ್ನ ಬಲಿ ಕೊಡ್ತಾರೆ, ಹೆಂಗಸಿನ ದೌರ್ಬಲ್ಯ ಅಂದ್ರೆ ಮಗು ಅನ್ನೋ ಹಳೇ ಲೆಕ್ಕಾಚಾರ ಇದು ಅಂತ ಒಂದು ಬಣ. ಇನ್ನೊಂದು ಬಣ, ನಾನೂ ಅದ್ರಲ್ಲೇ ಇದ್ದೀನಿ, ಹೇಳೋದು ಏನಂದ್ರೆ ಸಿನಿಮಾ ಆ ಕೊಲೆಯನ್ನ ಸರಿ ಅಂತ ಎಲ್ಲೂ ಹೇಳಲ್ಲ, ಕಾರಿನೊಳಗೆ ಕೂತಿರೋ ಆ ನಾಲ್ಕು ಮುಖ ನೋಡಿ, ಗೆದ್ದವರ ಮುಖ ಅಲ್ಲ ಅದು. ತಕ್ಷಣ ಆ ನಾಲ್ವರಿಗೂ ಆಮೇಲೆ ಏನಾಯ್ತು ಅಂತ ಪರದೆ ಮೇಲೆ ಬರತ್ತೆ. ಇದು 1945ರಲ್ಲಿ ತೆಗೆಯೋಕೆ ಸಾಧ್ಯವೇ ಇರ್ಲಿಲ್ಲ, ಇಪ್ಪತ್ತೈದು ವರ್ಷ ಎದೆಯಲ್ಲಿಟ್ಕೊಂಡವನಿಗೆ ಮಾತ್ರ ಸಾಧ್ಯ. 1968ರಲ್ಲಿ ಅಧ್ಯಕ್ಷ ದೆಗಾಲ್ ಸರ್ಕಾರದ ವಿರುದ್ಧ ವಿದ್ಯಾರ್ಥಿಗಳು, ಕಾರ್ಮಿಕರು ಮಾಡಿದ ಗಲಾಟೆಯ ಮರುವರ್ಷ ಬಂದಿದ್ರಿಂದ, ಅದೇ ದೆಗಾಲ್ ಯುದ್ಧಕಾಲದ ಮುಖಂಡನಾಗಿ ಒಂದು ಸೀನ್‌ನಲ್ಲಿ ಕಾಣಿಸ್ಕೊಳ್ಳೋದ್ರಿಂದ, ಫ್ರಾನ್ಸ್‌ನ ಕೆಲವು ವಿಮರ್ಶಕರು ಆಗ ಇದನ್ನ ಸರ್ಕಾರದ ಕಡೆಯ ಸಿನಿಮಾ ಅಂತ ತಳ್ಳಿಹಾಕಿದ್ರು. ಅಮೆರಿಕದ ಥಿಯೇಟರುಗಳಿಗೆ ಬಂದಿದ್ದು 2006ರಲ್ಲಿ.

ಇಷ್ಟು ಕತ್ತಲೆ ತಡ್ಕೊಳ್ಳೋಕೆ ಆಗಲ್ಲ ಆದ್ರೆ ಸುಳ್ಳು ಹೀರೋಯಿಸಂ ಕೂಡ ಬೇಡ ಅನ್ನೋರಿಗೆ ಎರಡು ಸಿನಿಮಾ, ಎರಡೂ ನಾಲ್ಕು ಗೋಡೆ ಒಳಗಿನವು. ಬ್ರೆಸ್ಸೋನ್‌ನ 'ಎ ಮ್ಯಾನ್ ಎಸ್ಕೇಪ್ಡ್' 1956ರದ್ದು, ಲಿಯೋಂ ಊರಿನ ಮೋಂಲ್ಯುಕ್ ಜೈಲಿನಿಂದ ತಪ್ಪಿಸ್ಕೊಂಡ ಆಂದ್ರೆ ದೆವಿನ್ಯಿ ಅನ್ನೋ ಪ್ರತಿರೋಧದ ಹೋರಾಟಗಾರನ ಅನುಭವದ್ದು. ತಪ್ಪಿಸ್ಕೊತಾನೆ ಅಂತ ಟೈಟಲ್ಲೇ ಹೇಳಿಬಿಡತ್ತೆ, ಆದ್ರೂ ಒಂದು ಚಮಚವನ್ನ ನೆಲಕ್ಕೆ ಉಜ್ಜಿ ಉಜ್ಜಿ ಚೂಪು ಮಾಡಿ ಬಾಗಿಲಿನ ಹಲಗೆ ಸಂದು ಕೆರೆಯೋದನ್ನ ಉಸಿರು ಹಿಡ್ಕೊಂಡು ನೋಡ್ತೀರ. 2005ರ 'ಸೋಫಿ ಶೋಲ್' ಜರ್ಮನಿಯದ್ದೇ ಕಥೆ, ಮ್ಯೂನಿಕ್ ಯೂನಿವರ್ಸಿಟಿಯಲ್ಲಿ ಹಿಟ್ಲರ್ ವಿರುದ್ಧದ ಕರಪತ್ರ ಹಂಚಿದ್ದಕ್ಕೆ ಸೋಫಿ ಅನ್ನೋ ವಿದ್ಯಾರ್ಥಿನಿಯನ್ನ 1943ರ ಫೆಬ್ರವರಿ 18ಕ್ಕೆ ಹಿಡಿದು 22ಕ್ಕೆ ತಲೆ ತೆಗೆದ್ರು, ವಯಸ್ಸು 21. ನಾಲ್ಕೇ ದಿನ. ವಿಚಾರಣೆಯ ನಿಜವಾದ ದಾಖಲೆಗಳು ಪೂರ್ವ ಜರ್ಮನಿಯ ಕಡತಗಳಲ್ಲಿ ಇದ್ದವು, ಎರಡೂ ಜರ್ಮನಿ ಒಂದಾದ ಮೇಲೆ ಕೈಗೆ ಸಿಕ್ಕಿದ್ರಿಂದ ಈ ಸಿನಿಮಾ ಆಯ್ತು. ಸಿನಿಮಾ ಕಲೆ ಅಂತ ನೋಡಿದ್ರೆ ಬ್ರೆಸ್ಸೋನ್ ಬೆಟ್ಟದಷ್ಟು ಮೇಲೆ, ಆದ್ರೆ ಕಾಲೇಜ್ ಹುಡುಗ ಹುಡುಗಿಯರಿಗೆ ನಾನು ಕೊಡೋದು ಸೋಫಿ ಶೋಲ್, ಯಾಕಂದ್ರೆ ಅದ್ರಲ್ಲಿ ಬಂದೂಕೇ ಇಲ್ಲ, ಬರೀ ಕಾಗದ, ಮೇಜಿನ ಎರಡು ಕಡೆ ಇಬ್ಬರು, ಮತ್ತೆ ತಪ್ಪಿಸ್ಕೊಳ್ಳೋಕೆ ಒಂದು ದಾರಿ ಸಿಕ್ಕಿದ್ರೂ ಬೇಡ ಅನ್ನೋ ಹುಡುಗಿ.

ಜರ್ಮನ್ನರ ಕಡೆ ಸೇರ್ಕೊಂಡವರ ಕಥೆ ನೋಡದೆ ಈ ಹೋಲಿಕೆ ಪೂರ್ತಿ ಆಗಲ್ಲ. ಲೂಯಿ ಮಾಲ್ 1974ರಲ್ಲಿ ತೆಗೆದ 'ಲಕೋಂಬ್, ಲ್ಯೂಸಿಯೆನ್'ನಲ್ಲಿ ಹಳ್ಳಿ ಹುಡುಗನೊಬ್ಬ ಪ್ರತಿರೋಧಕ್ಕೆ ಸೇರ್ತೀನಿ ಅಂತ ಮೇಷ್ಟ್ರ ಹತ್ರ ಹೋಗ್ತಾನೆ, ಅವರು ಬೇಡ ಅಂತಾರೆ, ವಾಪಸ್ ಬರೋವಾಗ ಸೈಕಲ್ ಪಂಕ್ಚರ್ ಆಗತ್ತೆ, ರಾತ್ರಿ ಆಗತ್ತೆ, ಜರ್ಮನ್ ಪೊಲೀಸರ ಜೊತೆಗಾರರು ಇರೋ ಹೋಟೆಲ್ ಮುಂದೆ ಸಿಕ್ಕಿಬೀಳ್ತಾನೆ, ಅವರ ಜೊತೆಗೇ ಸೇರ್ತಾನೆ. ಇಷ್ಟು ಸಲೀಸಾಗಿ. ಇದಕ್ಕೆ ಕೋಪ ಮಾಡ್ಕೊಂಡವರು ತುಂಬ ಜನ, ಪಂಕ್ಚರ್ ಆಗಿದ್ದಕ್ಕೆ ಯಾರೂ ದ್ರೋಹಿ ಆಗಲ್ಲ ಅಂತ, ಅವರ ಮಾತಲ್ಲಿ ಹುರುಳಿದೆ, ಒಂದು ಹುಡುಗನ ಪೆದ್ದುತನದ ಹಿಂದೆ ಇಡೀ ಆಡಳಿತದ ತಪ್ಪು ಮರೆಯಾಗಿಬಿಡತ್ತೆ. ಡಚ್ ನಿರ್ದೇಶಕ ವರ್ಹೋವನ್ ಕಥೆ ಇನ್ನೂ ಸ್ವಾರಸ್ಯ, ಅವನು 1977ರಲ್ಲಿ 'ಸೋಲ್ಜರ್ ಆಫ್ ಆರೆಂಜ್' ಮಾಡಿದ, 2006ರಲ್ಲಿ 'ಬ್ಲ್ಯಾಕ್ ಬುಕ್' ಮಾಡಿದ, ಎರಡನ್ನೂ ಒಂದಾದ್ಮೇಲೆ ಒಂದು ನೋಡಿ. ಮೊದಲನೇದ್ರಲ್ಲಿ ಚೆಂದದ ಯುವಕರು, ಸಾಹಸ. ಎರಡನೇದ್ರಲ್ಲಿ ಮುಖ್ಯ ಪಾತ್ರ ಯಹೂದಿ ಹೆಂಗಸು, ದ್ರೋಹ ಗುಂಪಿನ ಒಳಗಿಂದ್ಲೇ ಬರತ್ತೆ, ದೇಶ ಬಿಡುಗಡೆ ಆದ್ಮೇಲೆ ಅವಳ ತಲೆ ಮೇಲೆ ಹೇಲು ಸುರಿಯೋರು ಅವಳ ದೇಶದವರೇ. ನನ್ನ ಆಯ್ಕೆ ಬ್ಲ್ಯಾಕ್ ಬುಕ್, ಸ್ವಲ್ಪ ಥ್ರಿಲ್ಲರ್ ಗೀಳು ಜಾಸ್ತಿ ಇದ್ರೂನು.

ಪೂರ್ವ ಯುರೋಪಿನ ಸಿನಿಮಾಗಳಿಗೆ ಬಂದ್ರೆ ತೂಕವೇ ಬೇರೆ. ಪೋಲೆಂಡಿನ ನಿರ್ದೇಶಕ ವಾಯ್ದಾನ 'ಕನಾಲ್' 1957ರದ್ದು, ನಾಜಿಗಳ ವಿರುದ್ಧ 1944ರ ಆಗಸ್ಟ್ 1ಕ್ಕೆ ಶುರುವಾಗಿ 63 ದಿನ ನಡೆದ ವಾರ್ಸಾ ದಂಗೆಯ ಕೊನೇ ದಿನಗಳು. ಇವರ ಬದುಕಿನ ಕೊನೇ ಗಂಟೆಗಳಿವು ಅಂತ ಶುರುವಲ್ಲೇ ಹೇಳಿಬಿಡ್ತಾರೆ. ಚರಂಡಿ ಒಳಗೆ ಇಳೀತಾರೆ, ಒಬ್ಬೊಬ್ಬರಾಗಿ ದಾರಿ ತಪ್ತಾರೆ. ಗಾಯಗೊಂಡ ಹುಡುಗನನ್ನ ಎಳ್ಕೊಂಡು ಡೇಸಿ ಅನ್ನೋ ಹುಡುಗಿ ಬೆಳಕಿರೋ ಕಡೆ ಬರ್ತಾಳೆ, ಅದು ವಿಸ್ತುಲಾ ನದಿ, ಆದ್ರೆ ಬಾಯಿಗೆ ಕಬ್ಬಿಣದ ಸರಳು. ಸರಳಿನಾಚೆ ಎದುರು ದಡ ಕಾಣ್ಸತ್ತೆ, ಕ್ಯಾಮೆರಾ ಸುಮ್ನೆ ಅದನ್ನ ನೋಡತ್ತೆ ಅಷ್ಟೇ. ಆ ದಡದ ಕಡೆ ಸೋವಿಯತ್ ಸೇನೆ ಬಂದು ನಿಂತಿತ್ತು, ದಂಗೆಯವರನ್ನ ಉಳಿಸೋಕೆ ದಾಟಿ ಬರ್ಲಿಲ್ಲ. ಸೋವಿಯತ್ ಹಿಡಿತದಲ್ಲಿದ್ದ 1957ರ ಪೋಲೆಂಡ್‌ನಲ್ಲಿ ಇದನ್ನ ಬಾಯ್ಬಿಟ್ಟು ಹೇಳೋ ಹಾಗಿರ್ಲಿಲ್ಲ, ಥಿಯೇಟರಲ್ಲಿ ಕೂತ ಪೋಲೆಂಡಿನವರಿಗೆ ಹೇಳ್ಬೇಕಾಗೂ ಇರ್ಲಿಲ್ಲ. ಸಿನಿಮಾ ತೆಗೆದ ವರ್ಷ ನೋಡಿ ಅಂತ ನಾನು ಬಡ್ಕೊಳ್ಳೋದು ಇದಕ್ಕೇ.

'ದಿ ಅಸೆಂಟ್' ಮತ್ತೆ 'ಕಮ್ ಅಂಡ್ ಸೀ', ಈ ಎರಡರಲ್ಲಿ ಯಾವ್ದು ಅನ್ನೋದು ನಾನು ಅತಿ ಹೆಚ್ಚು ಕೇಳಿರೋ ಪ್ರಶ್ನೆ. ಮೊದಲನೇದು 1977ರಲ್ಲಿ ಲರೀಸಾ ಶೆಪಿಟ್ಕೊ ತೆಗ್ದಿದ್ದು, ಬರ್ಲಿನ್‌ನಲ್ಲಿ ಗೋಲ್ಡನ್ ಬೇರ್ ಬಂತು, ಎರಡು ವರ್ಷಕ್ಕೆ ಕಾರ್ ಆಕ್ಸಿಡೆಂಟ್‌ನಲ್ಲಿ ಆಕೆ ಹೋಗಿಬಿಟ್ರು. ಎರಡನೇದು 1985ರಲ್ಲಿ ಆಕೆಯ ಗಂಡ ಎಲೆಮ್ ಕ್ಲಿಮೋವ್ ತೆಗ್ದಿದ್ದು. ಎರಡೂ ನಾಜಿಗಳ ಕೈಯಲ್ಲಿದ್ದ ಬೆಲಾರುಸ್ ಕಥೆ. ದಿ ಅಸೆಂಟ್‌ನಲ್ಲಿ ಹಿಮದಲ್ಲಿ ಊಟ ಹುಡುಕ್ಕೊಂಡು ಹೊರಟ ಇಬ್ಬರು, ಕಾಯಿಲೆಯವನು ಬಗ್ಗಲ್ಲ, ಗಟ್ಟಿಮುಟ್ಟಾಗಿದ್ದು ಅವನನ್ನ ಎಳ್ಕೊಂಡು ಬಂದು ಕಾಪಾಡಿದವನೇ ಕೊನೆಗೆ ಬದುಕೋ ಆಸೆಗೆ ಆ ಕಡೆ ಸೇರ್ತಾನೆ. ಅವರಿಗೆ ಜಾಗ ಕೊಟ್ಟ ತಪ್ಪಿಗೆ ಮೂರು ಮಕ್ಕಳ ತಾಯಿ ದೆಮ್ಚಿಖಾ ಕೂಡ ನೇಣಿಗೆ ಹೋಗ್ತಾಳೆ, ಅವಳು ಯಾವ ಹೋರಾಟಕ್ಕೂ ಸೇರಿದವಳಲ್ಲ. ಜೊತೆಗೆ ಬಾಸ್ಯಾ ಅನ್ನೋ ಯಹೂದಿ ಹುಡುಗಿ. ಹೀರೋಗಳ ಪಕ್ಕದಲ್ಲೇ ಇವರ ಮುಖಗಳನ್ನೂ ಅಷ್ಟೇ ಹೊತ್ತು ತೋರ್ಸಿದ್ದಾರೆ ಶೆಪಿಟ್ಕೊ, ಅದು ನನಗೆ ದೊಡ್ಡದು.

ಕಮ್ ಅಂಡ್ ಸೀ ಕರುಳು ಕಿವುಚೋ ಸಿನಿಮಾ. ಫ್ಲ್ಯೋರಾ ಅನ್ನೋ ಹುಡುಗ ಹೋರಾಟಗಾರರ ಜೊತೆ ಸೇರ್ಬೇಕು ಅಂತ ಮರಳು ಅಗೆದು ಬಂದೂಕು ಹುಡುಕ್ತಾನೆ, ಅಗೀಬೇಡ್ರೋ ಅಂತ ಊರಿನ ಹಿರಿಯ ಬೈತಾನೆ. ಆಮೇಲೆ ಮನೆಗೆ ವಾಪಸ್ ಬಂದಾಗ ಒಲೆಯಲ್ಲಿ ಸೂಪ್ ಇನ್ನೂ ಬಿಸಿ ಇದೆ, ನೊಣಗಳ ಸದ್ದು, ನೆಲದ ಮೇಲೆ ತಂಗಿಯರ ಗೊಂಬೆಗಳು, ಜನ ಇಲ್ಲ. ಎಲ್ಲೋ ಬಚ್ಚಿಟ್ಕೊಂಡಿದ್ದಾರೆ ಅಂತ ಓಡ್ತಾನೆ, ಜೊತೆಗಿದ್ದ ಗ್ಲಾಶಾ ಒಂದು ಸಲ ತಿರುಗಿ ನೋಡ್ತಾಳೆ, ಮನೆ ಹಿಂದೆ ಗೋಡೆಗೆ ಒಟ್ಟಿರೋ ಹೆಣಗಳು. ಅವಳು ನೋಡ್ತಾಳೆ, ಅವನು ನೋಡಲ್ಲ, ನಾವು ನೋಡ್ತೀವಿ. ಮುಂದೆ ಆ ಹಿರಿಯ ಮೈಯೆಲ್ಲ ಸುಟ್ಟು ಬಿದ್ದಿರ್ತಾನೆ, ಅಗೀಬೇಡ ಅಂತ ಹೇಳಿರ್ಲಿಲ್ವಾ ಅಂತಾನೆ. ಪ್ರತಿರೋಧದ ಬೆಲೆಯನ್ನ ಇಷ್ಟು ನೇರವಾಗಿ ಒಂದು ಮಗುವಿನ ತಲೆ ಮೇಲೆ ಹಾಕಿದ ಸಿನಿಮಾ ನಾನು ಇನ್ನೊಂದು ನೋಡಿಲ್ಲ. ಚಿತ್ರಕಥೆ ಬರೆದ ಅಲೆಸ್ ಅದಮೋವಿಚ್ ಹದಿಹರೆಯದಲ್ಲೇ ಕಾಡಲ್ಲಿ ಹೋರಾಡಿದವರು. ಕೊನೆಯಲ್ಲಿ 628 ಹಳ್ಳಿಗಳನ್ನ ಜನರ ಸಮೇತ ಸುಟ್ಟರು ಅಂತ ಬರತ್ತೆ, ಅದ್ರಲ್ಲಿ ಒಂದು ಖಾತಿನ್, 1943ರ ಮಾರ್ಚ್ 22ಕ್ಕೆ 149 ಜನ ಸತ್ತರು, ಅವರಲ್ಲಿ 75 ಮಕ್ಕಳು. ಹಾಗಾಗಿ ನನ್ನ ಸಲಹೆ, ಮನುಷ್ಯ ಯಾಕೆ ಬಗ್ಗುತ್ತಾನೆ ಯಾಕೆ ಬಗ್ಗಲ್ಲ ಅಂತ ಯೋಚನೆ ಮಾಡ್ಬೇಕು ಅಂದ್ರೆ ದಿ ಅಸೆಂಟ್, ಏನಾಯ್ತು ಅಂತ ಮೈಮೇಲೆ ಬರ್ಬೇಕು ಅಂದ್ರೆ ಕಮ್ ಅಂಡ್ ಸೀ, ಆದ್ರೆ ಅದನ್ನ ರಾತ್ರಿ ಒಬ್ಬರೇ ಕೂತು ನೋಡ್ಬೇಡಿ, ಮನೇಲಿ ಚಿಕ್ಕ ಮಕ್ಕಳಿದ್ದಾಗಂತೂ ಹಾಕ್ಲೇಬೇಡಿ.

ಅದೇ ಸಿನಿಮಾವನ್ನ 2009ರ 'ಇನ್‌ಗ್ಲೋರಿಯಸ್ ಬಾಸ್ಟರ್ಡ್ಸ್' ಪಕ್ಕ ಇಡ್ಬೇಕು. ಎರಡರಲ್ಲೂ ಹಿಟ್ಲರ್‌ಗೆ ಗುಂಡು ಬೀಳತ್ತೆ. ಟ್ಯಾರಂಟಿನೋ ಸಿನಿಮಾದಲ್ಲಿ ಯಹೂದಿ ಸೈನಿಕರು ಹಿಟ್ಲರ್ ಮುಖವನ್ನೇ ಗುಂಡಲ್ಲಿ ಪುಡಿ ಮಾಡ್ತಾರೆ, ಇತಿಹಾಸ ತಿರುಗಿಬಿಡತ್ತೆ, ಥಿಯೇಟರಲ್ಲಿ ಚಪ್ಪಾಳೆ, ಬರೀ ಸಾಯೋರಾಗಿ ಮಾತ್ರ ತೋರ್ಸಿಕೊಂಡು ಬಂದ ಜನಕ್ಕೆ ಆ ಒಂದು ಸಲದ ಸೇಡು ಎಷ್ಟು ಬೇಕಾಗಿತ್ತು ಅಂತ ನನಗೆ ಅರ್ಥ ಆಗತ್ತೆ. ಕ್ಲಿಮೋವ್ ಸಿನಿಮಾದಲ್ಲಿ ಫ್ಲ್ಯೋರಾ ಕೆಸರಲ್ಲಿ ಬಿದ್ದಿರೋ ಹಿಟ್ಲರ್ ಫೋಟೋಗೆ ಗುಂಡು ಹೊಡೀತಾನೆ, ಒಂದೊಂದು ಗುಂಡಿಗೂ ಹಳೇ ನ್ಯೂಸ್‌ರೀಲ್ ಹಿಂದಕ್ಕೆ ಓಡತ್ತೆ, ಸೇನೆ ಹಿಂದಕ್ಕೆ, ಮೆರವಣಿಗೆ ಹಿಂದಕ್ಕೆ, ಕೊನೆಗೆ ತಾಯಿ ತೊಡೆ ಮೇಲೆ ಕೂತಿರೋ ಕೂಸು ಹಿಟ್ಲರ್. ಅಲ್ಲಿ ಹುಡುಗನ ಕೈ ನಿಂತುಬಿಡತ್ತೆ. ನನಗೆ ಇದು ಮೇಲು. ಯಹೂದಿಗಳ ನಿಜವಾದ ಸಶಸ್ತ್ರ ಹೋರಾಟ ನೋಡ್ಬೇಕು ಅನ್ನೋರಿಗೆ 2008ರ 'ಡಿಫಯನ್ಸ್' ಇದೆ, ಬೆಲಾರುಸ್ ಕಾಡಲ್ಲಿ ಸುಮಾರು 1,200 ಜನರನ್ನ ಉಳಿಸಿದ ಬಿಯೆಲ್ಸ್ಕಿ ಸಹೋದರರ ಕಥೆ, ವಿಷಯ ಬಂಗಾರ, ಸಿನಿಮಾ ಸಾಧಾರಣ, ಭಾಷಣ ಜಾಸ್ತಿ.

ಕೊನೇದಾಗಿ, ಎರಡನೇ ಮಹಾಯುದ್ಧದಲ್ಲೇ ನಿಂತುಬಿಟ್ಟರೆ ಒಂದು ದೊಡ್ಡ ಪ್ರಶ್ನೆ ತಪ್ಪಿಹೋಗತ್ತೆ. 'ಬ್ಯಾಟಲ್ ಆಫ್ ಆಲ್ಜಿಯರ್ಸ್' 1966ರದ್ದು, ಫ್ರಾನ್ಸ್ ಆಳ್ವಿಕೆಯ ವಿರುದ್ಧ ಆಲ್ಜೀರಿಯಾದವರ ಸ್ವಾತಂತ್ರ್ಯ ಹೋರಾಟದ ಕಥೆ, ನಿರ್ದೇಶಕ ಪಾಂಟೆಕೊರ್ವೊ ಇಟಲಿಯಲ್ಲಿ ನಾಜಿಗಳ ವಿರುದ್ಧ ಹೋರಾಡಿದವನೇ, ಆಲ್ಜೀರಿಯಾದ ಹೋರಾಟದ ಮುಖಂಡ ಸಾದಿ ಯಾಸೆಫ್ ತನ್ನದೇ ಹೋಲಿಕೆಯ ಪಾತ್ರ ಮಾಡಿದ್ದಾರೆ. ಮೂರು ಹೆಂಗಸರು ಕನ್ನಡಿ ಮುಂದೆ ವೇಷ ಬದಲಾಯಿಸಿ ಬಾಂಬ್ ಬುಟ್ಟಿ ತಗೊಂಡು ಹೋಗ್ತಾರೆ, ಆಮೇಲೆ ಕ್ಯಾಮೆರಾ ಸಾಯೋಕಿರೋರ ಮುಖಗಳನ್ನ ನಿಧಾನಕ್ಕೆ ತೋರ್ಸತ್ತೆ, ಐಸ್‌ಕ್ರೀಂ ತಿಂತಿರೋ ಮಗು ಕೂಡ ಇದೆ. ಅದ್ರಲ್ಲಿ ಫ್ರೆಂಚ್ ಕರ್ನಲ್ ಪತ್ರಕರ್ತರ ಮುಂದೆ ನಿಂತು ನಮ್ಮನ್ನ ಫ್ಯಾಸಿಸ್ಟರು ಅಂತೀರಲ್ಲ, ನಮ್ಮಲ್ಲಿ ಪ್ರತಿರೋಧದಲ್ಲಿ ಇದ್ದವರಿದ್ದಾರೆ, ನಾಜಿ ಸೆರೆಶಿಬಿರಗಳಾದ ಡಾಕೌ ಬುಕೆನ್‌ವಾಲ್ಡ್‌ನಿಂದ ಬದುಕಿ ಬಂದವರಿದ್ದಾರೆ ಅನ್ನೋ ಅರ್ಥದಲ್ಲಿ ಹೇಳ್ತಾನೆ. ಆರ್ಮಿ ಆಫ್ ಶಾಡೋಸ್ ನೋಡಿ ಕಣ್ಣು ಒದ್ದೆ ಮಾಡ್ಕೊಂಡವರು ಈ ಮಾತನ್ನ ಕೇಳ್ಲೇಬೇಕು. ಅದ್ರ ಜೊತೆಗೇ ರಶೀದ್ ಬುಶಾರೆಬ್ ಅವರ 2006ರ 'ಡೇಸ್ ಆಫ್ ಗ್ಲೋರಿ', ಫ್ರಾನ್ಸ್ ಬಿಡಿಸೋಕೆ ಹೋರಾಡಿದ ಉತ್ತರ ಆಫ್ರಿಕಾದ ಸೈನಿಕರದ್ದು. ಹಡಗಿನಲ್ಲಿ ಬಿಳಿಯರಿಗೆ ಟೊಮ್ಯಾಟೋ ಕೊಟ್ಟು ಇವರಿಗೆ ಇಲ್ಲ ಅಂತಾರೆ, ಒಬ್ಬ ಆ ಟೊಮ್ಯಾಟೋಗಳನ್ನ ಕಾಲಲ್ಲಿ ತುಳಿದು ಹಾಕ್ತಾನೆ. ಸಿನಿಮಾ ಬಂದ ವರ್ಷವೇ ಫ್ರೆಂಚ್ ಸರ್ಕಾರ ದಶಕಗಳಿಂದ ಏರಿಸದೆ ಹಾಗೇ ಇಟ್ಟಿದ್ದ ಆ ಸೈನಿಕರ ಪಿಂಚಣಿಯನ್ನ ಫ್ರೆಂಚ್ ಸೈನಿಕರ ಸಮಕ್ಕೆ ತರೋ ತೀರ್ಮಾನ ಮಾಡ್ತು. ಸಿನಿಮಾವಾಗಿ ಡೇಸ್ ಆಫ್ ಗ್ಲೋರಿ ಇವೆರಡರಲ್ಲಿ ಚಿಕ್ಕದು, ಆದ್ರೆ ಯಾರಿಗೆ ಮುಖ ಸಿಕ್ಕಿದೆ ಅನ್ನೋ ನನ್ನ ಎರಡನೇ ಅಳತೆಯಲ್ಲಿ ಇದಕ್ಕೆ ಸಮ ಯಾವ್ದೂ ಇಲ್ಲ.

ಮೂರು ಸಂಜೆ ಬಿಡುವಿದ್ರೆ ಮೊದಲನೇ ದಿನ ರೋಮ್, ಓಪನ್ ಸಿಟಿ, ಎರಡನೇ ದಿನ ಆರ್ಮಿ ಆಫ್ ಶಾಡೋಸ್, ಮೂರನೇ ದಿನ ಬ್ಯಾಟಲ್ ಆಫ್ ಆಲ್ಜಿಯರ್ಸ್, ಇದೇ ಕ್ರಮದಲ್ಲಿ. ಒಂದೇ ಸಂಜೆ ಇದ್ರೆ ಮೆಲ್ವಿಲ್. ಡಬ್ ಆಗಿರೋದು ಬೇಡ, ಸಬ್‌ಟೈಟಲ್ ಹಾಕ್ಕೊಂಡು ನೋಡಿ, ಆ ಬಾಡಿಗೆ ಮನೆಯಲ್ಲಿ ಅವರು ಎಷ್ಟು ಮೆತ್ತಗೆ ಮಾತಾಡ್ತಾರೆ ಅನ್ನೋದು ನಿಮಗೆ ಕೇಳಿಸ್ಬೇಕು.